ಬೀಗ ರಿಪೇರಿ ಕೆಲಸಕ್ಕೆ ಇಳಿಯುತ್ತಿದ್ದೇನೆ, ಮೊದಲು ಏನು ಕಲಿಯಬೇಕು?

ಹೊಸಕೈ:
ಎಲ್ಲರಿಗೂ ನಮಸ್ಕಾರ. ನಾನು ಫಿಟ್ಟರ್ ಆಗಿ ಕೆಲಸ ಮಾಡಿದವನು. ಅರ, ಹ್ಯಾಕ್ಸಾ, ವರ್ನಿಯರ್ ಎಲ್ಲಾ ಕೈಗೆ ಒಗ್ಗಿವೆ. ಇನ್ನು ಬೀಗ, ಕೀಲಿ ಕೆಲಸ ಸ್ವಂತಕ್ಕೆ ಶುರು ಮಾಡೋಣ ಅಂತ ನಿರ್ಧರಿಸಿದ್ದೇನೆ. ವಿಡಿಯೊ ನೋಡಿ ಪಿಕ್ಕಿಂಗ್, ಅಂದರೆ ಕೀಲಿ ಇಲ್ಲದೆ ಸಣ್ಣ ಕಡ್ಡಿಗಳಿಂದ (ಪಿಕ್) ಬೀಗ ತೆಗೆಯುವ ಅಭ್ಯಾಸ ನಡೆದಿದೆ. ಐದು ಪಿನ್ನಿನ ಸಾದಾ ಬೀಗ ಬೇಗ ತೆಗೆಯುತ್ತೇನೆ. ಸ್ಪೂಲ್ ಪಿನ್ (ಪಿಕ್ಕನ್ನು ಏಮಾರಿಸಲು ನಡು ಸಣ್ಣಗೆ ಮಾಡಿದ ಪಿನ್) ಇದ್ದರೆ ಒದ್ದಾಡುತ್ತೇನೆ.

ಪ್ರಶ್ನೆ ಇಷ್ಟು. ಮೊದಲು ಕೀಲಿ ಕತ್ತರಿಸುವ ಮೆಷಿನ್ನಿಗೆ ಹಣ ಹಾಕಬೇಕಾ, ಬಾಗಿಲು ತೆಗೆಯುವ ಸಾಮಾನಿಗಾ? ಮನೆ ಬೀಗ, ಕಾರು, ತಿಜೋರಿ ಮೂರನ್ನೂ ಒಟ್ಟಿಗೆ ಕಲಿಯಬಹುದಾ? ಯಾರ ಹತ್ತಿರವೂ ಕೆಲಸಕ್ಕೆ ನಿಲ್ಲದೆ ಕಲಿತವರು ಇದ್ದೀರಾ? ನೇರವಾಗಿ ಹೇಳಿ, ಬೇಜಾರಿಲ್ಲ.

ಹಳೇಅರ:
ಫಿಟ್ಟರ್ ಕೈ ಇದ್ದರೆ ಒಳ್ಳೆಯದೇ ಆಯಿತು. ಆದರೆ ಆ ಪಿಕ್ಕುಗಳನ್ನು ಸ್ವಲ್ಪ ದಿನ ಎತ್ತಿಡಿ.

"ಬೀಗ ಕೆಟ್ಟಿದೆ ಬನ್ನಿ" ಅಂತ ಕರೆದಾಗ ಎಷ್ಟೋ ಸಲ ಬೀಗ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಬಾಗಿಲು. ಹೋದ ತಕ್ಷಣ ಬಾಗಿಲು ತೆರೆದಿಟ್ಟು ಕೀಲಿ ತಿರುಗಿಸಿ ನೋಡಿ. ಅಗುಳಿ ಸಲೀಸಾಗಿ ಹೊರಗೆ ಬಂದು ಒಳಗೆ ಹೋದರೆ ಬೀಗ ಮುಟ್ಟಲೇಬೇಡಿ. ಚೌಕಟ್ಟಿನಲ್ಲಿ ಅಗುಳಿ ಹೋಗಿ ಕೂರುವ ತಗಡು ಇದೆಯಲ್ಲ, ಸ್ಟ್ರೈಕ್ ಪ್ಲೇಟ್, ಅದನ್ನು ನೋಡಿ. ತೂತಿನ ಕೆಳಗಿನ ಅಂಚು ಉಜ್ಜಿ ಉಜ್ಜಿ ಹೊಳೆಯುತ್ತಿದ್ದರೆ ಬಾಗಿಲು ಜೋತಿದೆ. ಅನುಮಾನ ಇದ್ದರೆ ಅಗುಳಿಯ ತುದಿಗೆ ಸೀಮೆಸುಣ್ಣ ಬಳಿದು, ಬಾಗಿಲು ಮುಚ್ಚಿ ಕೀಲಿ ತಿರುಗಿಸಿ. ಎಲ್ಲಿ ತಾಗುತ್ತದೋ ಅಲ್ಲಿ ಗುರುತು ಬೀಳುತ್ತದೆ. ಸಾಮಾನ್ಯವಾಗಿ ಮೇಲಿನ ಹಿಂಜಿನ ಸ್ಕ್ರೂ ಸಡಿಲಾಗಿರುತ್ತದೆ. ಸ್ವಲ್ಪ ಉದ್ದದ ಸ್ಕ್ರೂ ಹಾಕಿ ಬಿಗಿ ಮಾಡಿದರೆ ಬಾಗಿಲು ಮೇಲೇಳುತ್ತದೆ. ಅದೂ ಆಗದಿದ್ದರೆ ತಗಡಿನ ತೂತನ್ನು ಅರದಿಂದ ಒಂದೆರಡು ಮಿಲಿಮೀಟರ್ ಇಳಿಸಿ.

ಇದು ಗೊತ್ತಿಲ್ಲದವನು ಹೊಸ ಬೀಗ ಕೂರಿಸಿ ಹಣ ತೆಗೆದುಕೊಂಡು ಹೋಗುತ್ತಾನೆ. ವಾರದೊಳಗೆ ಹೊಸದೂ ಬಿಗಿಯಾಗುತ್ತದೆ. ಆ ಮನೆಯವರು ಮತ್ತೆ ಅವನನ್ನು ಕರೆಯುತ್ತಾರಾ?

ಮರಗೆಲಸದವ:
ನೂರಕ್ಕೆ ನೂರು ಸರಿ. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಹಿಡಿದುಕೊಂಡರೂ ಬೈಗುಳ ತಿನ್ನುವುದು ಬೀಗವೇ.

ಪಿನ್‌ಸ್ಪ್ರಿಂಗ್:
ಹಳೇಅರ ಅವರೇ, ಪಿಕ್ ಎತ್ತಿಡಿ ಅಂದದ್ದು ನನಗೆ ಒಪ್ಪಿಗೆ ಇಲ್ಲ. ಟೆನ್ಷನ್, ಅಂದರೆ ಬೀಗ ತಿರುಗಿಸಲು ಒತ್ತುವ ಬಲ, ಎಷ್ಟು ಕೊಡಬೇಕು, ಪಿನ್ ಕೂತಾಗ ಬೆರಳಿಗೆ ಹೇಗೆ ಗೊತ್ತಾಗುತ್ತದೆ ಅನ್ನುವುದು ಪಿಕ್ ಹಿಡಿದವನಿಗೇ ಬರುವುದು. ಆ ಸೂಕ್ಷ್ಮ ಮುಂದೆ ಎಲ್ಲಾ ಕೆಲಸಕ್ಕೂ ಬೇಕು.

ಹೊಸಕೈ ಅವರಿಗೆ ನನ್ನ ಮಾತು ಬೇರೆ. ಬೀಗ ತೆಗೆಯುವುದನ್ನು ಕಲಿತಿದ್ದೀರಿ, ಈಗ ಬಿಚ್ಚುವುದನ್ನು ಕಲಿಯಿರಿ. ಪಿನ್ ಬದಲಾಯಿಸುವುದು, ರೀಕೀಯಿಂಗ್ ಅಂತೀವಲ್ಲ, ಅದು ಬಂದರೆ ಅನ್ನ ಹುಟ್ಟುತ್ತದೆ. ಕೀಲಿ ಕಳೆದುಹೋಯಿತು ಅಂದರೆ ಇಡೀ ಬೀಗ ಬದಲಿಸಬೇಕಾಗಿಲ್ಲ. ಒಳಗಿನ ಪಿನ್ ಬದಲಿಸಿ ಹೊಸ ಕೀಲಿ ಕೊಟ್ಟರೆ ಹಳೇ ಕೀಲಿ ಕೆಲಸಕ್ಕೆ ಬರುವುದಿಲ್ಲ. ಗ್ರಾಹಕರಿಗೂ ಕಡಿಮೆಯಲ್ಲಿ ಮುಗಿಯುತ್ತದೆ.

ಹೊಸಕೈ:
ಒಂದು ಹಳೇ ಸಿಲಿಂಡರ್ ಬಿಚ್ಚಲು ಕೂತಿದ್ದೇನೆ. ಕೀಲಿ ಜೊತೆ ತಿರುಗುವ ಒಳಗಿನ ಉರುಳೆ, ಪ್ಲಗ್, ಅದನ್ನು ಎಳೆದರೆ ಮೇಲಿನ ಪಿನ್ನು, ಸ್ಪ್ರಿಂಗು ಎಲ್ಲಾ ಹಾರಿಹೋಗುತ್ತವೆ ಅಲ್ವಾ? ಅದಕ್ಕೇನು ಮಾಡುತ್ತೀರಿ?

ಪಿನ್‌ಸ್ಪ್ರಿಂಗ್:
ಅದಕ್ಕೇ ಫಾಲೋವರ್ ಇರುವುದು. ಪ್ಲಗ್ಗಿನಷ್ಟೇ ದಪ್ಪದ ಒಂದು ಕಡ್ಡಿ. ತುಂಬಾ ಕಡೆ ಪ್ಲಗ್ ಸುಮಾರು 12.7 ಮಿಲಿಮೀಟರ್ ಇರುತ್ತದೆ, ಆದರೆ ಬೇರೆ ಅಳತೆಯವೂ ಇವೆ. ಮೊದಲು ವರ್ನಿಯರ್ ಹಿಡಿದು ನೋಡಿ. ನೀವು ಫಿಟ್ಟರ್, ಬೇಕಾದ ಅಳತೆಗೆ ಒಂದು ಸೆಟ್ ನೀವೇ ಮಾಡಿಕೊಳ್ಳಬಹುದು.

ಹಿಂದಿನ ಕ್ಲಿಪ್ ತೆಗೆಯಿರಿ. ಕೀಲಿ ಹಾಕಿ ಪ್ಲಗ್ಗನ್ನು ಸ್ವಲ್ಪ ಓರೆ ತಿರುಗಿಸಿ. ಪೂರ್ತಿ ತಿರುಗಿಸಬೇಡಿ. ಈಗ ಫಾಲೋವರನ್ನು ಹಿಂದಿನಿಂದ ಪ್ಲಗ್ಗಿಗೆ ಒತ್ತಿ ಹಿಡಿದು, ಮಧ್ಯೆ ಕೂದಲೆಳೆಯಷ್ಟೂ ಜಾಗ ಬಿಡದೆ, ಪ್ಲಗ್ಗನ್ನು ಮುಂದಕ್ಕೆ ತಳ್ಳುತ್ತಾ ಬನ್ನಿ. ಪ್ಲಗ್ ಹೊರಗೆ ಬರುತ್ತದೆ, ಫಾಲೋವರ್ ಅದರ ಜಾಗದಲ್ಲಿ ಕೂರುತ್ತದೆ, ಮೇಲಿನ ಪಿನ್ನು ಸ್ಪ್ರಿಂಗು ಅಲ್ಲೇ ಉಳಿಯುತ್ತವೆ. ಕೆಳಗಿನ ಪಿನ್ನುಗಳು ಪ್ಲಗ್ಗಿನ ಜೊತೆ ಬರುತ್ತವೆ. ಪ್ಲಗ್ಗನ್ನು ಬೋರಲು ಹಾಕಬೇಡಿ. ಒಂದೊಂದಾಗಿ ಚಿಮುಟದಲ್ಲಿ ತೆಗೆದು, ಯಾವ ರಂಧ್ರದ್ದು ಅಂತ ಅದೇ ಕ್ರಮದಲ್ಲಿ ಸಾಲಾಗಿ ಇಡಿ. ಕೆಳಗೆ ದಪ್ಪ ಬಟ್ಟೆ ಹಾಸಿಕೊಳ್ಳಿ, ಬಿದ್ದ ಸ್ಪ್ರಿಂಗ್ ಪುಟಿಯುವುದಿಲ್ಲ.

ಹೊಸ ಕೀಲಿ ಹಾಕಿ ಹೊಸ ಪಿನ್ ಕೂರಿಸಿದ ಮೇಲೆ ಪ್ಲಗ್ಗಿನ ಮೈಮೇಲೆ ಬೆರಳು ಸವರಿ. ಎಲ್ಲಾ ಪಿನ್ನೂ ಮೈಮಟ್ಟಕ್ಕೆ ಇರಬೇಕು. ಒಂದು ಉಬ್ಬಿದ್ದರೂ ತಿರುಗುವುದಿಲ್ಲ. ತಗ್ಗಿನಲ್ಲಿದ್ದರೂ ಮೇಲಿನ ಪಿನ್ ಅದರೊಳಗೆ ಇಳಿದು ಹಿಡಿದುಕೊಳ್ಳುತ್ತದೆ. ಉಬ್ಬಿದ್ದ ಪಿನ್ನನ್ನು ಅರದಿಂದ ಉಜ್ಜಿ ಸರಿ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಆ ಅಭ್ಯಾಸ ಬೇಡ. ಸರಿಯಾದ ಅಳತೆಯ ಪಿನ್ ಹಾಕಿ.

ಚಾವಿಗೊಂಚಲು:
ಮೆಷಿನ್ ಬಗ್ಗೆ ಕೇಳಿದ್ದೀರಲ್ಲ, ನಾನು ದಿನವಿಡೀ ಅದರ ಮುಂದೆಯೇ ನಿಲ್ಲುವವಳು. ಮೊದಲ ಹಣ ಮೆಷಿನ್ನಿಗೇ ಹಾಕಿ. ಬೀಗ ತೆಗೆಯುವ ಕರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಡೂಪ್ಲಿಕೇಟ್ ಕೀಲಿ ಕೇಳಿಕೊಂಡು ದಿನಾ ಜನ ಬರುತ್ತಾರೆ.

ಆದರೆ ಮೆಷಿನ್ ಇದ್ದರೆ ಸಾಕು ಅಂದುಕೊಳ್ಳಬೇಡಿ. ಎರಡು ಕೀಲಿಯನ್ನೂ ಹಿಡಿಯುವ ದವಡೆ ಇರುತ್ತದೆ. ಅದರಲ್ಲಿ ಪಿತ್ತಾಳೆ ಪುಡಿ ಕೂತಿದ್ದರೆ ಕೀಲಿ ಓರೆಯಾಗುತ್ತದೆ, ಎಲ್ಲಾ ಕಚ್ಚೂ ತಪ್ಪಾಗುತ್ತದೆ. ಪ್ರತಿ ಕೀಲಿಗೂ ಮುಂಚೆ ಬ್ರಷ್ಷಿನಿಂದ ಒರೆಸಿ. ಆಮೇಲೆ ಕೀಲಿಯ ಭುಜ, ಬೀಗದ ಮುಖಕ್ಕೆ ತಾಗಿ ನಿಲ್ಲುವ ಆ ಮೆಟ್ಟಿಲು. ಅಸಲಿ ಕೀಲಿಯ ಭುಜವೂ ಬ್ಲಾಂಕಿನ (ಇನ್ನೂ ಕಚ್ಚು ಕತ್ತರಿಸದ ಕೀಲಿ) ಭುಜವೂ ಒಂದೇ ಗೆರೆಗೆ ಬರಬೇಕು. ಭುಜ ಇಲ್ಲದ ಕೀಲಿಯಾದರೆ ತುದಿಯಿಂದ ಹೊಂದಿಸಬೇಕು. ಇದನ್ನು ಗಮನಿಸದೆ ಬಿಗಿ ಮಾಡಿದರೆ ಕಚ್ಚುಗಳ ಆಳ ಸರಿ ಇದ್ದರೂ ಜಾಗ ತಪ್ಪುತ್ತದೆ.

ಎಷ್ಟು ಸೂಕ್ಷ್ಮ ಅಂದರೆ, ಕೆಲವು ಬೀಗಗಳಲ್ಲಿ ಒಂದು ಆಳಕ್ಕೂ ಮುಂದಿನ ಆಳಕ್ಕೂ ಇರುವ ವ್ಯತ್ಯಾಸ ಸುಮಾರು 0.4 ಮಿಲಿಮೀಟರ್ ಮಾತ್ರ. ಅದರಲ್ಲಿ ನೀವು 0.1 ತಪ್ಪಿದರೆ ಕೀಲಿ ಒಮ್ಮೆ ತಿರುಗುತ್ತದೆ, ಒಮ್ಮೆ ಇಲ್ಲ. ಅದಕ್ಕೇ ನಕಲಿನ ನಕಲು ಮಾಡಬಾರದು ಅನ್ನುವುದು. ಸವೆದ ಕೀಲಿ ತಂದುಕೊಟ್ಟರೆ ಮೆಷಿನ್ ಆ ಸವೆತವನ್ನೂ ನಕಲು ಮಾಡುತ್ತದೆ. ಅಸಲಿ ಇದೆಯಾ ಅಂತ ಮೊದಲು ಕೇಳಿ. ಇಲ್ಲದಿದ್ದರೆ ಕಚ್ಚುಗಳನ್ನು ಅಳೆದು, ಹತ್ತಿರದ ಫ್ಯಾಕ್ಟರಿ ಅಳತೆಗೆ ತಂದು, ಕೋಡಿನ ಪ್ರಕಾರ ಹೊಸದಾಗಿ ಕತ್ತರಿಸಿ.

ಕೊನೆಗೆ ತಂತಿ ಚಕ್ರ. ಅಂಚಿನ ಚೂರು ಹೋದರೆ ಸಾಕು. ಫಳಫಳ ಹೊಳೆಯಲಿ ಅಂತ ಒತ್ತಿ ಹಿಡಿದರೆ ಕಷ್ಟಪಟ್ಟು ತಂದ ಅಳತೆ ಹೋಗುತ್ತದೆ.

ಗಾಡಿಕೀಲಿ:
@ಚಾವಿಗೊಂಚಲು ಕನ್ನಡಕದ ಬಗ್ಗೆ ಹೇಳಲೇ ಇಲ್ಲ! ಮೆಷಿನ್ ಆನ್ ಮಾಡುವ ಮುಂಚೆ ಕಣ್ಣಿಗೆ ಕನ್ನಡಕ. ಕೈಗೆ ಸಡಿಲ ಗ್ಲೌಸ್ ಬೇಡ, ಚಕ್ರ ಎಳೆದುಕೊಳ್ಳುತ್ತದೆ.

ಚಾವಿಗೊಂಚಲು:
ಖಂಡಿತ. ಇನ್ನೊಂದು, ಅದೂ ಕಣ್ಣಿಗೆ ಬೀಳದ ವಿಷಯ. ಹೊಸ ಮೆಷಿನ್ ಬಂದ ದಿನವೇ ಎರಡೂ ದವಡೆಗೆ ಒಂದೇ ಥರದ ಎರಡು ಬ್ಲಾಂಕ್ ಹಾಕಿ, ಗೈಡ್ (ಅಸಲಿ ಕೀಲಿಯ ಮೇಲೆ ಓಡುವ ಮೊನೆ) ಒಂದಕ್ಕೆ ತಾಗಿಸಿ, ಕೈಯಿಂದ ಚಕ್ರ ತಿರುಗಿಸಿ ನೋಡಿ. ಚಕ್ರ ಇನ್ನೊಂದನ್ನು ಸುಮ್ನೆ ಮುಟ್ಟಿದಂತೆ ಸವರಬೇಕು. ಕಚ್ಚಿದರೆ ಅಥವಾ ಮುಟ್ಟದೇ ಇದ್ದರೆ ಗೈಡ್ ಸರಿಮಾಡಿ. ಕಟ್ಟರ್ ಸವೆದ ಹಾಗೆಲ್ಲಾ ಮತ್ತೆ ನೋಡುತ್ತಿರಬೇಕು.

ಓದುಗ12:
ನಾನು ಈ ಕೆಲಸದವನಲ್ಲ. ಬೀಗಕ್ಕೆ ಯಾವ ಎಣ್ಣೆ ಹಾಕಬೇಕು ಅಂತ ಯಾರಾದರೂ ಹೇಳಿ, ತಲೆಕೆಟ್ಟಿದೆ.

ಹಳೇಅರ:
ಎಣ್ಣೆ ಬೇಡ. ಪಿನ್ ಬೀಗಕ್ಕೆ ಗ್ರಾಫೈಟ್ ಪುಡಿ. ಎಣ್ಣೆ ಧೂಳು ಹಿಡಿಯುತ್ತದೆ, ಆಮೇಲೆ ಅಂಟಾಗುತ್ತದೆ.

ಪಿನ್‌ಸ್ಪ್ರಿಂಗ್:
ಗ್ರಾಫೈಟೂ ಜಾಸ್ತಿ ಆದರೆ ಗಂಟು ಕಟ್ಟುತ್ತದೆ. ಒದ್ದೆ ಆಗುವ ಜಾಗದಲ್ಲಂತೂ ಬೇಡವೇ ಬೇಡ. ಟೆಫ್ಲಾನ್ ಇರುವ ಒಣ ಸ್ಪ್ರೇ ವಾಸಿ. ಎಲ್ಲರೂ ಕೈಗೆ ಸಿಕ್ಕಿದ್ದು ಅಂತ ಡಬ್ಲ್ಯುಡಿ-40 ಹೊಡೆಯುತ್ತಾರೆ. ಅದನ್ನು ಮೊದಲು ಮಾಡಿದ್ದೇ ನೀರು ಹೊರದೂಡಿ ತುಕ್ಕು ತಡೆಯಲು. ಕೊಳೆ ತೊಳೆಯಲು ಪರವಾಗಿಲ್ಲ, ತೊಳೆದು ಒಣಗಿಸಿ ಆಮೇಲೆ ಸರಿಯಾದ್ದನ್ನು ಹಾಕಬೇಕು.

ಹಳೇಅರ:
ಸ್ಪ್ರೇ ಎಲ್ಲಾ ಮೊನ್ನೆ ಮೊನ್ನೆ ಬಂದದ್ದು. ಗ್ರಾಫೈಟ್ ಹಾಕಿದ ಬೀಗ ವರ್ಷಗಟ್ಟಲೆ ಓಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮರಗೆಲಸದವ:
ಇಬ್ಬರೂ ಒಪ್ಪುವ ಮಾತು ಒಂದಿದೆ. ಗ್ರಾಫೈಟ್ ಹಾಕಿದ ಬೀಗಕ್ಕೆ ಎಣ್ಣೆ ಹಾಕಬೇಡಿ. ಎರಡೂ ಕಲೆತು ಕಪ್ಪು ಕೆಸರಾಗುತ್ತದೆ, ಬಿಚ್ಚಿ ತೊಳೆಯದೆ ಬೇರೆ ದಾರಿ ಇಲ್ಲ.

ರಾತ್ರಿಪಾಳಿ:
ಯಾರೂ ಮುಖ್ಯ ವಿಷಯಕ್ಕೆ ಬರಲಿಲ್ಲ. ಹೊಸಕೈ, ನೀವು ತೆಗೆಯುವ ಬಾಗಿಲು ಯಾರದ್ದು?

ನಡುರಾತ್ರಿ ಒಬ್ಬರು ಕರೆ ಮಾಡುತ್ತಾರೆ. ಕೀಲಿ ಒಳಗೇ ಉಳಿದಿದೆ ಅಂತಾರೆ. ನೀವು ಹೋಗಿ ತೆಗೆಯುತ್ತೀರಿ. ಆಮೇಲೆ ಅದು ಅವರ ಮನೆ ಅಲ್ಲ ಅಂತ ಗೊತ್ತಾದರೆ? ಬಾಡಿಗೆ ಜಗಳ, ಗಂಡ ಹೆಂಡತಿ ಬೇರೆಯಾಗುವ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ, ಎಲ್ಲಾ ಕಡೆ ಬೀಗದವನನ್ನು ಮುಂದೆ ಬಿಡುವವರು ಇದ್ದಾರೆ. ಹಾಗಾಗಿ ಸಾಮಾನು ಬಿಚ್ಚುವ ಮುಂಚೆ ಫೋಟೊ ಇರುವ ಗುರುತಿನ ಚೀಟಿ ನೋಡಿ. ವಿಳಾಸ ಅದರಲ್ಲಿ ಇಲ್ಲವಾ? ಆ ವಿಳಾಸಕ್ಕೆ ಬಂದ ಬಿಲ್ಲು, ಬಾಡಿಗೆ ಕರಾರು ಕೇಳಿ. ಕಾಗದ ಒಳಗಿದೆ ಅಂದರೆ ಬಾಗಿಲು ತೆಗೆದ ತಕ್ಷಣ, ಅವರು ಒಳಗೆ ನೆಲೆಯಾಗುವ ಮುಂಚೆ, ನೋಡುತ್ತೇನೆ ಅಂತ ಮೊದಲೇ ಹೇಳಿಡಿ. ಅಕ್ಕಪಕ್ಕದವರು ಗುರುತಿಸುತ್ತಾರಾ ನೋಡಿ. ಹೆಸರು, ದಿನಾಂಕ, ವೇಳೆ, ಮಾಡಿದ ಕೆಲಸ ಬರೆದು ಸಹಿ ಹಾಕಿಸಿ. ಮನಸ್ಸು ಒಪ್ಪದಿದ್ದರೆ ವಾಪಸ್ ಬನ್ನಿ, ಪೊಲೀಸರನ್ನು ಕರೆದುಕೊಂಡು ಬನ್ನಿ ಆಮೇಲೆ ತೆಗೆಯುತ್ತೇನೆ ಅನ್ನಿ. ನಿಜವಾದ ಮನೆಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೆಲವು ಕಡೆ ಈ ಕೆಲಸಕ್ಕೆ ಪರವಾನಗಿ ಬೇಕು, ಕೆಲವು ಕಡೆ ಪಿಕ್ ಜೊತೆಗಿಟ್ಟುಕೊಂಡು ಓಡಾಡುವುದಕ್ಕೂ ನಿಯಮ ಇದೆ. ನೀವಿರುವ ಕಡೆ ಏನಿದೆ ಅಂತ ಮೊದಲು ವಿಚಾರಿಸಿ.

ಹೊಸಕೈ:
ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ತುಂಬಾ ಉಪಕಾರ.

ಚಾವಿಗೊಂಚಲು:
ರಾತ್ರಿಪಾಳಿ ಹೇಳಿದ್ದು ಕೀಲಿಗೂ ಅನ್ವಯ. ಕೀಲಿಯ ಜೊತೆ ವಿಳಾಸ ಬರೆದ ಚೀಟಿ ಕಟ್ಟಿಡಬೇಡಿ. ತಪ್ಪಾಗಿ ಕತ್ತರಿಸಿದ ಕೀಲಿಯನ್ನು ಎರಡು ತುಂಡು ಮಾಡಿ ಬಿಸಾಡಿ. ಕೀಲಿ ಫೋಟೊ ತೆಗೆದು ಹಾಕಿಕೊಳ್ಳಬೇಡಿ ಅಂತ ಗ್ರಾಹಕರಿಗೂ ಹೇಳಿ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಸಂಶೋಧಕರು ದೂರದಿಂದ ತೆಗೆದ ಫೋಟೊ ನೋಡಿಯೇ ಕೀಲಿಯ ಕಚ್ಚುಗಳ ಅಳತೆ ತೆಗೆಯಬಹುದು ಅಂತ ಮಾಡಿ ತೋರಿಸಿದ್ದರು.

ಗಾಡಿಕೀಲಿ:
ಕಾರಿನ ಬಗ್ಗೆ ನಾನು ಹೇಳುತ್ತೇನೆ. ಸದ್ಯಕ್ಕೆ ಬೇಡ. ಆಸೆ ಇಲ್ಲ ಅಂತಲ್ಲ, ಅದು ಬೇರೆಯೇ ಕಸುಬು. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಜರ್, ಅಂದರೆ ಸರಿಯಾದ ಕೀಲಿ ಇಲ್ಲದೆ ಗಾಡಿ ಓಡದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ ಆಯಿತು. ಬೇರೆ ಕಡೆಯೂ ಹರಡಿತು. ಕೀಲಿಯ ತಲೆಯೊಳಗೆ ಸಣ್ಣ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಕಿಲ್ಲ, ಇಗ್ನಿಷನ್ ಸುತ್ತ ಇರುವ ಸುರುಳಿಯಿಂದಲೇ ವಿದ್ಯುತ್ ಸಿಗುತ್ತದೆ. ಲೋಹ ಎಷ್ಟೇ ಚೆನ್ನಾಗಿ ಕತ್ತರಿಸಿದರೂ ಚಿಪ್ಪನ್ನು ಗಾಡಿ ಗುರುತಿಸದಿದ್ದರೆ ಎಂಜಿನ್ ಓಡುವುದಿಲ್ಲ. ಅದಕ್ಕೆ ಚಿಪ್ಪನ್ನು ಗಾಡಿಗೆ ಹೊಂದಿಸುವ ಪ್ರೋಗ್ರಾಮರ್ ಯಂತ್ರ, ಅದರ ಅಪ್‌ಡೇಟ್, ಪ್ರತಿ ಮಾದರಿಗೆ ಬೇರೆ ಬೇರೆ ಚಿಪ್. ಪ್ರೋಗ್ರಾಮ್ ಮಾಡುವಾಗ ಗಾಡಿಯ ಬ್ಯಾಟರಿ ಕುಸಿದರೆ ಕಂಪ್ಯೂಟರೇ ಕೆಡಬಹುದು, ಹಾಗಾಗಿ ಚಾರ್ಜರ್ ಹಾಕಿಕೊಂಡೇ ಕೂರುತ್ತೇವೆ.

ಹೊಸಕೈ:
ಬರೀ ಡೋರ್ ತೆಗೆದುಕೊಡುವುದಾದರೆ? ಕಿಟಕಿ ಪಕ್ಕ ತಗಡು ಪಟ್ಟಿ ಇಳಿಸುವುದನ್ನು ನೋಡಿದ್ದೇನೆ.

ಗಾಡಿಕೀಲಿ:
ಬೇಡ! ಈಗಿನ ಗಾಡಿಗಳ ಡೋರಿನೊಳಗೆ ವೈರಿಂಗ್ ಇರುತ್ತದೆ, ಕೆಲವದರಲ್ಲಿ ಏರ್‌ಬ್ಯಾಗಿನ ಭಾಗಗಳೂ ಇರುತ್ತವೆ. ಕಣ್ಣಿಗೆ ಕಾಣದ ಜಾಗಕ್ಕೆ ತಗಡು ಇಳಿಸಬಾರದು. ಗಾಳಿಚೀಲದಿಂದ ಡೋರ್ ಅಂಚು ಸ್ವಲ್ಪ ಬಿಡಿಸಿ ಉದ್ದ ಕಡ್ಡಿ ಹಾಕುವ ಕ್ರಮ ಇದೆ. ಅದನ್ನೂ ಗೊತ್ತಿದ್ದವರ ಪಕ್ಕ ನಿಂತು ಕಲಿಯಬೇಕು.

ರಾತ್ರಿಪಾಳಿ:
ತಿಜೋರಿಯೂ ಅಷ್ಟೇ. ಒಳ್ಳೆಯ ತಿಜೋರಿಗಳಲ್ಲಿ ರೀಲಾಕರ್ ಅಂತ ಇರುತ್ತದೆ. ತಪ್ಪು ಜಾಗದಲ್ಲಿ ಕೊರೆದರೆ ಅದು ಬಿದ್ದು ಇನ್ನಷ್ಟು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಮನೆ ಬೀಗ ಪೂರ್ತಿ ಕೈಗೆ ಬರಲಿ, ಆಮೇಲೆ ನೋಡೋಣ.

ಪಿನ್‌ಸ್ಪ್ರಿಂಗ್:
ಡ್ರಿಲ್ ಅಂದಕೂಡಲೇ ನೆನಪಾಯಿತು. ಹೋದ ತಕ್ಷಣ ಡ್ರಿಲ್ ತೆಗೆಯುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಫೋನಿನಲ್ಲಿ ಕಡಿಮೆ ದರ ಹೇಳುವುದು, ಬಂದು ಇದು ಹೈ ಸೆಕ್ಯುರಿಟಿ, ತೆಗೆಯಲು ಆಗಲ್ಲ ಅನ್ನುವುದು, ಕೊರೆದು ಹಾಳು ಮಾಡಿ ಹೊಸ ಬೀಗ ಮಾರುವುದು. ಇಡೀ ಕಸುಬಿಗೆ ಕೆಟ್ಟ ಹೆಸರು ಇವರಿಂದಲೇ.

ರಾತ್ರಿಪಾಳಿ:
ಮೋಸದ ಮಾತು ಒಪ್ಪುತ್ತೇನೆ. ಆದರೆ ಡ್ರಿಲ್ ಮುಟ್ಟಲೇಬಾರದು ಅನ್ನುವುದೂ ಸರಿಯಲ್ಲ. ಒಳಗೆ ಪುಟ್ಟ ಮಗು ಒಂಟಿಯಾಗಿದೆ, ಒಲೆ ಉರಿಯುತ್ತಿದೆ, ಆಗ ಸ್ಪೂಲ್ ಪಿನ್ನಿನ ಜೊತೆ ಗುದ್ದಾಡುತ್ತಾ ಕೂರುತ್ತೀರಾ?

ಪಿನ್‌ಸ್ಪ್ರಿಂಗ್:
ಅಂಥ ಹೊತ್ತಿನಲ್ಲಿ ನಾನೂ ಕೊರೆಯುತ್ತೇನೆ. ನಾನು ಹೇಳಿದ್ದು ದಿನನಿತ್ಯದ ಕೆಲಸಕ್ಕೆ. ಬೇರೆ ಕಿಟಕಿ, ಹಿಂಬಾಗಿಲು ತೆರೆದಿದೆಯಾ ಅಂತ ಕೂಡ ಕೇಳದೆ ಕೊರೆಯುವವರು ಇದ್ದಾರೆ.

ರಾತ್ರಿಪಾಳಿ:
ಹಾಗಾದರೆ ಜಗಳ ಇಲ್ಲ. ದರ ಮಾತ್ರ ಹೋಗುವ ಮುಂಚೆ ಫೋನಿನಲ್ಲೇ ಹೇಳಿಬಿಡಿ. ಕೊರೆಯಬೇಕಾಗಿ ಬಂದರೆ ಎಷ್ಟಾಗುತ್ತದೆ ಅನ್ನುವುದನ್ನೂ ಸೇರಿಸಿ ಹೇಳಿ.

ಓದುಗ12:
ತೆಗೆಯಲಾಗದ ಬೀಗ ಅಂತ ನಿಜವಾಗಿ ಇದೆಯಾ?

ಪಿನ್‌ಸ್ಪ್ರಿಂಗ್:
ಒಳ್ಳೇ ಪ್ರಶ್ನೆ. ಲಂಡನ್ನಿನ ಬ್ರಾಮಾ ಕಂಪನಿಯವರು 1790ರಿಂದ ಅಂಗಡಿ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ತೆಗೆದವರಿಗೆ 200 ಗಿನಿ ಕೊಡುತ್ತೇವೆ ಅಂತ ಬರೆದಿದ್ದರು. ಅರವತ್ತು ವರ್ಷ ಯಾರಿಗೂ ಆಗಲಿಲ್ಲ. 1851ರಲ್ಲಿ ಅಮೆರಿಕದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಬಂದು 16 ದಿನಗಳಲ್ಲಿ ಒಟ್ಟು 51 ಗಂಟೆ ಕೆಲಸ ಮಾಡಿ ತೆಗೆದ. ಅದೇ ಸಲ ಚಬ್ ಡಿಟೆಕ್ಟರ್ ಬೀಗವನ್ನೂ ತೆಗೆದ. ಅದರಲ್ಲಿ ಲಿವರನ್ನು (ಕೀಲಿ ಎತ್ತುವ ಒಳಗಿನ ಪಟ್ಟಿ) ಜಾಸ್ತಿ ಎತ್ತಿದರೆ ಬೀಗ ಸಿಕ್ಕಿಹಾಕಿಕೊಂಡು, ಯಾರೋ ಕೈಯಾಡಿಸಿದ್ದಾರೆ ಅಂತ ಮಾಲೀಕನಿಗೆ ತಿಳಿಯುವ ಹಾಗೆ ಮಾಡಿದ್ದರು. ಹಾಬ್ಸ್ ಆ ಉಪಾಯವನ್ನೇ ಬೀಗದ ವಿರುದ್ಧ ತಿರುಗಿಸಿದ.

ಹಳೇಅರ:
ಅವನು ಬರೀ ಪಿಕ್ ಹಿಡಿದವನಲ್ಲ, ಬೀಗ ಮಾಡುವವನೂ ಆಗಿದ್ದ. ಅದನ್ನೂ ಹೇಳಿ.

ಯಾರ ಹತ್ತಿರವೂ ನಿಲ್ಲದೆ ಕಲಿಯಬಹುದಾ ಅಂತ ಕೇಳಿದ್ದಿರಿ. ಪಿನ್ ಕೂರಿಸುವುದು, ಕೀಲಿ ಕತ್ತರಿಸುವುದು ಮನೆಯಲ್ಲಿ ಕೂತು ಬರುತ್ತದೆ. ಇಂಪ್ರೆಶನಿಂಗ್ ಮಾತ್ರ ಒಬ್ಬರು ಪಕ್ಕದಲ್ಲಿ ನಿಂತು ತೋರಿಸಬೇಕು. ಕೀಲಿಯೇ ಇಲ್ಲದ ಬೀಗಕ್ಕೆ, ಬಿಚ್ಚದೆ, ಬ್ಲಾಂಕಿನಿಂದ ಕೀಲಿ ಮಾಡುವುದು. ನನಗೆ ಈ ಕಸುಬಿನಲ್ಲಿ ತುಂಬಾ ಇಷ್ಟವಾದ ಕೆಲಸ ಅದೇ.

ಮೆತ್ತನೆ ಪಿತ್ತಾಳೆ ಬ್ಲಾಂಕ್ ತೆಗೆದುಕೊಳ್ಳಿ. ಅದರ ಅಂಚನ್ನು ನಯ ಅರದಿಂದ ತಿಕ್ಕಿ ಒಂದೇ ಸಮನಾದ ಮಂಕು ಮೈ ಬರಿಸಿ, ಹೊಳಪಿದ್ದರೆ ಗುರುತು ಕಾಣುವುದಿಲ್ಲ. ಬೀಗಕ್ಕೆ ಹಾಕಿ ಒಂದು ಕಡೆಗೆ ಬಿಗಿಯಾಗಿ ತಿರುಗಿಸಿ ಹಿಡಿದು ಮೇಲೆ ಕೆಳಗೆ ಸಣ್ಣಗೆ ಅಲುಗಿಸಿ. ಸಿಕ್ಕಿಕೊಂಡ ಪಿನ್ ಪಿತ್ತಾಳೆಯ ಮೇಲೆ ಚುಕ್ಕೆ ಬಿಡುತ್ತದೆ. ದೀಪದ ಕೆಳಗೆ ಕೀಲಿಯನ್ನು ಓರೆ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಆ ಚುಕ್ಕೆ ಒಂದು ಕೋನದಲ್ಲಿ ಮಾತ್ರ ಮಿನುಗುತ್ತದೆ. ಅಲ್ಲಿ ದುಂಡು ಅರದಿಂದ ಎರಡು ಮೂರು ಸಲ ಎಳೆಯಿರಿ, ಮತ್ತೆ ಹಾಕಿ, ಮತ್ತೆ ನೋಡಿ. ಒಂದು ಪಿನ್ ಸರಿಯಾದ ಮಟ್ಟಕ್ಕೆ ಬಂದರೆ ಗುರುತು ಬಿಡುವುದನ್ನು ನಿಲ್ಲಿಸುತ್ತದೆ. ಆಗ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ. ಎಲ್ಲಾ ನಿಂತಾಗ ಕೀಲಿ ತಿರುಗುತ್ತದೆ. ಆತುರಕ್ಕೆ ಜಾಸ್ತಿ ಬಲ ಹಾಕಿದರೆ ಬ್ಲಾಂಕ್ ತಿರುಚಿ ಒಳಗೇ ಮುರಿಯುತ್ತದೆ. ನಿಮ್ಮ ಫಿಟ್ಟರ್ ಕೈ ಇಲ್ಲಿ ಉಪಯೋಗಕ್ಕೆ ಬರುತ್ತದೆ, ನೋಡುತ್ತಿರಿ.

ಹೊಸಕೈ:
ಇದನ್ನು ಓದಿಯೇ ಕೈ ತುರಿಸುತ್ತಿದೆ. ಸಿಲಿಂಡರ್ ಬಿಚ್ಚಿದೆ, ಫಾಲೋವರ್ ಕೆಲಸ ಮಾಡಿತು. ಹೊಸ ಕೀಲಿಗೆ ಪಿನ್ ಕೂರಿಸಿದೆ, ತಿರುಗುತ್ತಿದೆ. ಆದರೆ ಕೀಲಿಯನ್ನು ಎಳೆದುಕೊಳ್ಳುವಾಗ ಒಂದು ಜಾಗದಲ್ಲಿ ತಡೆಯುತ್ತದೆ.

ಚಾವಿಗೊಂಚಲು:
ಎರಡು ಕಚ್ಚಿನ ನಡುವಿನ ಇಳಿಜಾರು ತುಂಬಾ ಕಡಿದಾಗಿದೆಯಾ ನೋಡಿ. ಒಂದು ಕಚ್ಚು ಬಹಳ ಆಳ, ಪಕ್ಕದ್ದು ಬಹಳ ಮೇಲೆ ಇದ್ದರೆ ಪಿನ್ ಹತ್ತಿ ಇಳಿಯಲು ಆಗುವುದಿಲ್ಲ. ಅದಕ್ಕೇ ಪ್ರತಿ ಕಂಪನಿಯೂ ಪಕ್ಕಪಕ್ಕದ ಕಚ್ಚುಗಳ ನಡುವೆ ಇಷ್ಟೇ ವ್ಯತ್ಯಾಸ ಇರಬೇಕು ಅಂತ ಮಿತಿ ಇಟ್ಟಿರುತ್ತದೆ.

ಹೊಸಕೈ:
ಹೌದು, ಮೂರನೆಯದೂ ನಾಲ್ಕನೆಯದೂ ಹಾಗೇ ಇವೆ! ಬೇರೆ ಕೀಲಿ ಕತ್ತರಿಸಿ ನೋಡುತ್ತೇನೆ. ಯೂರೋ ಸಿಲಿಂಡರ್ (ಬಾಗಿಲಿನ ಒಳಗೂ ಹೊರಗೂ ಚಾಚುವ ಬೀಗದ ತಿರುಳು) ಬದಲಿಸುವುದಕ್ಕೆ ಒಬ್ಬರು ಪರಿಚಯದವರು ಕರೆದಿದ್ದಾರೆ. ಏನು ನೋಡಿಕೊಂಡು ಹೋಗಬೇಕು?

ಮರಗೆಲಸದವ:
ಅಳತೆ. ಸ್ಕ್ರೂ ತೂತಿನ ನಡುವಿನಿಂದ ಒಳಗಿನ ತುದಿಗೆ ಎಷ್ಟು, ಹೊರಗಿನ ತುದಿಗೆ ಎಷ್ಟು, ಬೇರೆ ಬೇರೆ ಅಳೆಯಿರಿ. 30/30, 35/45 ಅಂತ ಬರೆಯುವುದು ಅದನ್ನೇ. ಹೊರಗಡೆ ತಗಡಿನಿಂದ ಎರಡು ಮೂರು ಮಿಲಿಮೀಟರಿಗಿಂತ ಜಾಸ್ತಿ ಚಾಚಿರಬಾರದು. ಚಾಚಿದ್ದರೆ ಕಳ್ಳ ಅಲ್ಲೇ ಹಿಡಿದು ಮುರಿಯುತ್ತಾನೆ, ಸ್ಕ್ರೂ ತೂತಿನ ಹತ್ತಿರ ಲೋಹ ತೆಳ್ಳಗಿರುತ್ತದೆ.

ರಾತ್ರಿಪಾಳಿ:
ಹಳೇದು ತೆಗೆಯುವಾಗ ಬಾಗಿಲಿನ ಅಂಚಿನ ಸ್ಕ್ರೂ ಬಿಚ್ಚಿ, ಕೀಲಿ ಹಾಕಿ ಸ್ವಲ್ಪವೇ ತಿರುಗಿಸಿ, ಕ್ಯಾಮ್ (ಅಗುಳಿ ತಳ್ಳುವ ನಡುವಿನ ತುಂಡು) ಮೈಯೊಳಗೆ ಬಂದಾಗ ಸಿಲಿಂಡರ್ ಜಾರಿ ಬರುತ್ತದೆ. ಬಡಿಯಬೇಡಿ. ಹೊಸದು ಹಾಕಿ ಬಾಗಿಲು ತೆರೆದಿಟ್ಟೇ ಎಲ್ಲಾ ಕೀಲಿ ತಿರುಗಿಸಿ ನೋಡಿ, ಆಮೇಲೆ ಮುಚ್ಚಿ.

ಹಳೇಅರ:
ಆ ಸ್ಕ್ರೂ ಎಂ5, ಅಂದರೆ 5 ಮಿಲಿಮೀಟರ್ ದಪ್ಪದ್ದು. ಎರಡು ಮೂರು ಉದ್ದದವು ಚೀಲದಲ್ಲಿ ಇರಲಿ, ಹಳೇದು ತುಕ್ಕು ಹಿಡಿದು ತಲೆ ಹೋಗಿರುತ್ತದೆ.

ಹೊಸಕೈ:
ಬರೆದುಕೊಂಡೆ. ನಾಳೆ ಹೋಗಿ ಮೊದಲು ಅಳೆದುಕೊಂಡು ಬರುತ್ತೇನೆ, ಬೀಗ ಆಮೇಲೆ ತರುತ್ತೇನೆ.